ಒಂದೂವರೆ ಲಕ್ಷದ ಲ್ಯಾಪ್‌ಟಾಪ್ ಪದೇ ಪದೇ ಕ್ರ್ಯಾಶ್: ದೋಷ ಯಂತ್ರದ್ದೋ, ವಿಂಡೋಸ್‌ನದ್ದೋ?

ಪ್ರಶ್ನೆ: ದಾವಣಗೆರೆಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡಿಕೊಂಡಿದ್ದೇನೆ. ಮೂರು ತಿಂಗಳ ಹಿಂದೆ 1.55 ಲಕ್ಷ ರೂಪಾಯಿ ಕೊಟ್ಟು ಗೇಮಿಂಗ್ ಲ್ಯಾಪ್‌ಟಾಪ್ ತೆಗೆದುಕೊಂಡೆ. 13ನೇ ತಲೆಮಾರಿನ ಇಂಟೆಲ್ ಕೋರ್ ಐ7, ಎನ್‌ವಿಡಿಯಾ ಆರ್‌ಟಿಎಕ್ಸ್ 4060, 1 ಟಿಬಿ ಎಸ್‌ಎಸ್‌ಡಿ, ವಿಂಡೋಸ್ 11. ಜೊತೆಗೆ ಬಂದ 16 ಜಿಬಿ ರ‍್ಯಾಮ್ ಸಾಲುವುದಿಲ್ಲ ಎಂದು ಅಂಗಡಿಯವರೇ ಇನ್ನೊಂದು 16 ಜಿಬಿ ಹಾಕಿಕೊಟ್ಟರು. ಎರಡು ವಾರ ಚೆನ್ನಾಗಿತ್ತು, ಆಮೇಲೆ ಶುರುವಾಯಿತು. ಡಾವಿಂಚಿ ರಿಸಾಲ್ವ್‌ನಲ್ಲಿ ಎಕ್ಸ್‌ಪೋರ್ಟ್ ಹಾಕಿ ಮಲಗಿದರೆ ಬೆಳಿಗ್ಗೆ ರೀಸ್ಟಾರ್ಟ್ ಆಗಿ ಕೂತಿರುತ್ತದೆ. ಕೆಲವು ಸಲ ಪರದೆ ಕಪ್ಪಾಗಿ ಏನೋ ಅಕ್ಷರ ಬರುತ್ತದೆ, ಓದುವಷ್ಟರಲ್ಲಿ ಮಾಯ. ಬರೀ ಬ್ರೌಸರ್ ತೆರೆದಿದ್ದಾಗಲೂ ಹೀಗಾಗಿದೆ. ಎರಡು ಸಲವಂತೂ ಕರೆಂಟ್ ಹೋದಂತೆ ಒಮ್ಮೆಲೇ ಆಫ್. ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂಯರ್‌ನಲ್ಲಿ ‘ಕರ್ನಲ್ ಪವರ್ 41’ ಅಂತ ಕಾಣುತ್ತದೆ. ಸರ್ವೀಸ್ ಸೆಂಟರ್‌ನವರು ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿ ‘ಪ್ರಾಬ್ಲಂ ಏನೂ ಇಲ್ಲ’ ಎಂದು ಕೊಟ್ಟರು. ಒಬ್ಬರು ವೋಲ್ಟೇಜ್ ಅಂತಾರೆ, ಇನ್ನೊಬ್ಬರು ಹೀಟ್ ಅಂತಾರೆ, ಯೂಟ್ಯೂಬ್‌ನಲ್ಲಿ ಈ ತಲೆಮಾರಿನ ಇಂಟೆಲ್ ಚಿಪ್ಪೇ ಸರಿಯಿಲ್ಲ ಅಂತಾರೆ. ಬದಲಿಸಿಕೊಡಿ ಎಂದು ಹಟ ಹಿಡಿಯಲೇ, ಇಲ್ಲ ಮಾರಿಬಿಡಲೇ?

ಉತ್ತರ: ಹಟ ಹಿಡಿಯುವ ಮೊದಲು ಕೈಯಲ್ಲಿ ಪುರಾವೆ ಬೇಕು. ಈಗ ನಿಮ್ಮ ಬಳಿ ಇರುವುದು ದೂರು ಮಾತ್ರ. ಒಳ್ಳೆಯ ಸುದ್ದಿ ಏನೆಂದರೆ, ಪುರಾವೆಯನ್ನು ನಿಮ್ಮ ಲ್ಯಾಪ್‌ಟಾಪೇ ಪ್ರತಿ ಕ್ರ್ಯಾಶ್‌ನಲ್ಲೂ ಬರೆದಿಡುತ್ತಾ ಬಂದಿದೆ. ಅದನ್ನು ಯಾರೂ ತೆರೆದು ನೋಡಿಲ್ಲ ಅಷ್ಟೆ. ಎರಡು ಸಲ ವಿಂಡೋಸ್ ಹಾಕಿದವರು ಆ ದಾಖಲೆಯನ್ನೂ ಎರಡು ಸಲ ಅಳಿಸಿದ್ದಾರೆ.

ನಿಮ್ಮ ಪತ್ರದಲ್ಲಿ ಒಂದು ಸುಳಿವು ಎದ್ದು ಕಾಣುತ್ತದೆ. ವಿಂಡೋಸ್ ಎರಡು ಸಲ ಬದಲಾಯಿತು, ಆದರೆ ಅಂಗಡಿಯವರು ಸೇರಿಸಿದ ರ‍್ಯಾಮ್ ಅಲ್ಲೇ ಉಳಿಯಿತು. ಬಹುಶಃ ಪ್ರತಿ ಸಲವೂ ಮನೆಗೆ ಬಂದ ಮೇಲೆ ಅದೇ ಪೆನ್‌ಡ್ರೈವ್‌ನಿಂದ ಅದೇ ಸಾಫ್ಟ್‌ವೇರ್, ಅದೇ ಪ್ಲಗಿನ್, ಅದೇ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ) ಹಾಕಿಕೊಂಡಿರುತ್ತೀರಿ. ಹಾಗಿದ್ದಲ್ಲಿ ಮರುಸ್ಥಾಪನೆಯಿಂದ ಏನೂ ಸಾಬೀತಾಗಿಲ್ಲ: ಸಾಫ್ಟ್‌ವೇರ್ ತಪ್ಪಿಲ್ಲ ಎಂದೂ ಇಲ್ಲ, ಹಾರ್ಡ್‌ವೇರ್ ತಪ್ಪಿಲ್ಲ ಎಂದೂ ಇಲ್ಲ.

ಮೊದಲು ನಿಮ್ಮ ಕಿವಿಗೆ ಬಿದ್ದ ಮಾತುಗಳನ್ನು ತೂಗಿ ನೋಡೋಣ.

‘ಕರ್ನಲ್ ಪವರ್ 41’ ಎಂದರೆ ಪವರ್ ಸಪ್ಲೈ ದೋಷ ಎಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ‘ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ಈಗ ಎದ್ದಿದ್ದೇನೆ’ ಎಂದು ವಿಂಡೋಸ್ ಬರೆದುಕೊಳ್ಳುವ ಟಿಪ್ಪಣಿ ಅದು. ನೀವೇ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿದರೂ ಅದೇ 41 ಬರುತ್ತದೆ. ಅದರೊಳಗೆ ಕೆಲಸಕ್ಕೆ ಬರುವ ಮಾಹಿತಿ ಒಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ವೋಲ್ಟೇಜ್ ವಿಚಾರ. ಲ್ಯಾಪ್‌ಟಾಪ್ ಅಡಾಪ್ಟರ್ ಮೇಲೆ ಮುದ್ರಿಸಿರುವುದನ್ನು ಓದಿ: ಇನ್‌ಪುಟ್ 100ರಿಂದ 240 ವೋಲ್ಟ್ ಎಂದಿರುತ್ತದೆ. ಸಂಜೆ ಹೊತ್ತು ಲೈನ್ 170ಕ್ಕೆ ಇಳಿದರೂ ಅಡಾಪ್ಟರ್‌ಗೆ ಅದು ಲೆಕ್ಕಕ್ಕಿಲ್ಲ. ಕರೆಂಟ್ ಪೂರ್ತಿ ಹೋದರೆ ಬ್ಯಾಟರಿ ಹೊರುತ್ತದೆ. ಹಾಗಾಗಿ ಸ್ಟೆಬಿಲೈಸರ್‌ಗೆ ದುಡ್ಡು ಸುರಿಯಬೇಡಿ. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕೀಳುವುದು ಒಳ್ಳೆಯದೇ, ಆದರೆ ಸಿಡಿಲು ಬಡಿದ ಯಂತ್ರ ಸಾಮಾನ್ಯವಾಗಿ ಸತ್ತೇಹೋಗುತ್ತದೆ, ಮೂರು ದಿನಕ್ಕೊಮ್ಮೆ ರೀಸ್ಟಾರ್ಟ್ ಆಗುತ್ತಾ ಕೂರುವುದಿಲ್ಲ.

ಹೀಟ್ ಬಗ್ಗೆ ಅರ್ಧ ಸತ್ಯ ಇದೆ. ಇಂಥ ಚಿಪ್‌ಗಳು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಎಕ್ಸ್‌ಪೋರ್ಟ್ ವೇಳೆ 95 ಡಿಗ್ರಿ ಕಂಡರೆ ಗಾಬರಿ ಬೇಡ, ತೆಳ್ಳಗಿನ ಯಂತ್ರದಲ್ಲಿ ಅಷ್ಟು ಶಕ್ತಿ ತುಂಬಿದರೆ ಹಾಗೇ ಆಗುವುದು. ಬಿಸಿಯಿಂದ ಮೊದಲು ಆಗುವುದು ನಿಧಾನ. ಅದನ್ನೂ ಮೀರಿದರೆ ಸಂದೇಶವಿಲ್ಲದೆ ಒಮ್ಮೆಲೇ ಆಫ್. ಬರೀ ಬ್ರೌಸರ್ ತೆರೆದಾಗ, ಅಂದರೆ 50-60 ಡಿಗ್ರಿಯಲ್ಲಿ ಆದ ಕ್ರ್ಯಾಶ್‌ಗೆ ಬಿಸಿಯನ್ನು ದೂರುವಂತಿಲ್ಲ. ಆದರೆ ಲ್ಯಾಪ್‌ಟಾಪ್‌ಗಳನ್ನು ಸಾಮಾನ್ಯವಾಗಿ 35 ಡಿಗ್ರಿ ಕೋಣೆ ಉಷ್ಣಾಂಶದವರೆಗೆ ಎಂದು ಲೆಕ್ಕ ಹಾಕಿ ಮಾಡಿರುತ್ತಾರೆ. ಏಪ್ರಿಲ್-ಮೇನಲ್ಲಿ ಕಲಬುರಗಿ, ರಾಯಚೂರಿನ ಕೋಣೆ ಈ ಮಿತಿಯನ್ನು ಸಲೀಸಾಗಿ ದಾಟುತ್ತದೆ, ನಿಮ್ಮಲ್ಲೂ ಶೀಟ್ ಮಾಡಿನ ಸ್ಟುಡಿಯೊ ಆದರೆ ದಾಟಬಹುದು. ಕೂಲಿಂಗ್ ಪ್ಯಾಡ್‌ನಿಂದ ಸಿಗುವುದು ಕೆಲವೇ ಡಿಗ್ರಿ. ಹಿಂಬದಿಯನ್ನು ಎರಡು ಸೆಂಟಿಮೀಟರ್ ಎತ್ತಿ ಇಟ್ಟರೂ ಹೆಚ್ಚುಕಡಿಮೆ ಅಷ್ಟೇ ಲಾಭ.

ಇನ್ನು ಇಂಟೆಲ್ ಚಿಪ್. 13 ಮತ್ತು 14ನೇ ತಲೆಮಾರಿನಲ್ಲಿ ದೋಷ ಇದ್ದದ್ದು ನಿಜ, ಇಂಟೆಲ್ ಅದನ್ನು 2024ರಲ್ಲಿ ಒಪ್ಪಿಕೊಂಡು ಮೈಕ್ರೋಕೋಡ್ (ಚಿಪ್ ಒಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಅದು ಡೆಸ್ಕ್‌ಟಾಪ್ ಚಿಪ್‌ಗಳ ಕಥೆ. ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಆ ದೋಷ ಇಲ್ಲ ಎಂಬುದು ಇಂಟೆಲ್ ನಿಲುವು. ನಿಮ್ಮ ಕೈಯಲ್ಲಿರುವ ಒಂದು ಚಿಪ್ ಕೆಟ್ಟಿರಲಾರದು ಎಂದು ಇದರರ್ಥವಲ್ಲ. ಇಡೀ ತಲೆಮಾರಿನ ಹೆಸರು ಹೇಳಿ ಸರ್ವೀಸ್ ಸೆಂಟರ್‌ನಲ್ಲಿ ವಾದಿಸಿದರೆ ನಿಮ್ಮ ವಾದವೇ ಬಿದ್ದುಹೋಗುತ್ತದೆ, ಅಷ್ಟೆ.

‘ಇಷ್ಟು ದುಬಾರಿ ಆಗಿಯೂ ಹೀಗೇಕೆ’ ಎಂಬ ಸಂಕಟ ಅರ್ಥವಾಗುತ್ತದೆ. ಆದರೆ ಬೆಲೆ ಕೊಡುವುದು ವೇಗವನ್ನು. ಇದರಲ್ಲಿ ಗ್ರಾಫಿಕ್ಸ್ ಚಿಪ್ ಎರಡಿವೆ, ಒಂದರಿಂದ ಇನ್ನೊಂದಕ್ಕೆ ಕ್ಷಣಕ್ಷಣವೂ ಕೆಲಸ ದಾಟುತ್ತದೆ, ಫ್ಯಾನ್ ಮತ್ತು ಕೀಬೋರ್ಡ್ ದೀಪಕ್ಕೂ ಪ್ರತ್ಯೇಕ ಸಾಫ್ಟ್‌ವೇರ್ ಇದೆ. ಎಡವುವ ಜಾಗಗಳು ನಲವತ್ತು ಸಾವಿರದ ಲ್ಯಾಪ್‌ಟಾಪ್‌ಗಿಂತ ಹೆಚ್ಚೇ.

ಈಗ ಪುರಾವೆ ಕಲೆಹಾಕುವ ಕೆಲಸ.

ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್, ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಅಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’. ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಗುರುತು ತೆಗೆಯಿರಿ. ಕೆಳಗೆ ‘ಸ್ಮಾಲ್ ಮೆಮೊರಿ ಡಂಪ್’ ಆಯ್ಕೆ ಮಾಡಿ. ಇನ್ನು ಮುಂದೆ ಕ್ರ್ಯಾಶ್ ಆದಾಗ ಸಂದೇಶ ಮಾಯವಾಗುವುದಿಲ್ಲ, ಫೋನಿನಲ್ಲಿ ಫೋಟೊ ತೆಗೆಯುವವರೆಗೂ ನಿಂತಿರುತ್ತದೆ. ಇಲ್ಲೊಂದು ಗೊಂದಲ ತಪ್ಪಿಸಿಕೊಳ್ಳಿ: ವಿಂಡೋಸ್‌ನ ಪ್ರಸಿದ್ಧ ನೀಲಿ ಪರದೆ 2025ರ ಅಪ್‌ಡೇಟ್‌ಗಳ ನಂತರ ವಿಂಡೋಸ್ 11ರಲ್ಲಿ ಕಪ್ಪಾಗಿದೆ. ಅಕ್ಷರ ಇರುವ ಕಪ್ಪು ಪರದೆ ಬೇರೆ, ಏನೂ ಇಲ್ಲದ ಕಪ್ಪು ಪರದೆ ಬೇರೆ. ಮೊದಲನೆಯದರಲ್ಲಿ ವಿಂಡೋಸ್ ತಪ್ಪನ್ನು ಗುರುತಿಸಿ ತಾನೇ ನಿಂತಿದೆ. ಎರಡನೆಯದರಲ್ಲಿ ಅದಕ್ಕೆ ಉಸಿರೆತ್ತಲೂ ಸಮಯ ಸಿಕ್ಕಿಲ್ಲ.

ಇವೆಂಟ್ ವ್ಯೂಯರ್‌ನಲ್ಲಿ ಆ 41ರ ಮೇಲೆ ಕ್ಲಿಕ್ಕಿಸಿ ‘ಡೀಟೇಲ್ಸ್’ ನೋಡಿ. ಅಲ್ಲಿ ‘ಬಗ್‌ಚೆಕ್ ಕೋಡ್’ ಎಂಬ ಸಾಲಿನಲ್ಲಿ ಒಂದು ಅಂಕಿ ಇರುತ್ತದೆ. ಆಮೇಲೆ ಬರುತ್ತೇನೆ ಎಂದದ್ದು ಇದಕ್ಕೇ. 292 ಎಂದಿದ್ದರೆ ಹಾರ್ಡ್‌ವೇರ್ ತಾನೇ ವರದಿ ಮಾಡಿದ ದೋಷ, ಪರದೆಯಲ್ಲಿ ಇದು ‘ಡಬ್ಲ್ಯೂಎಚ್‌ಇಎ ಅನ್‌ಕರೆಕ್ಟಬಲ್ ಎರರ್’ ಎಂದು ಕಾಣುತ್ತದೆ. 278 ಗ್ರಾಫಿಕ್ಸ್‌ಗೆ ಸಂಬಂಧಿಸಿದ್ದು. 26 ಮೆಮೊರಿ ನಿರ್ವಹಣೆಯದು. 159 ಸ್ಲೀಪ್‌ಗೆ ಹೋಗುವಾಗ ಅಥವಾ ಏಳುವಾಗ ಯಾವುದೋ ಡ್ರೈವರ್ ಸ್ಪಂದಿಸದೇ ಹೋದದ್ದು. 239 ಬಂದರೆ ವಿಂಡೋಸ್‌ಗೆ ಅತ್ಯಗತ್ಯವಾದ ಪ್ರಕ್ರಿಯೆಯೊಂದು ಸತ್ತಿದೆ, ಎಸ್‌ಎಸ್‌ಡಿ ಮೇಲೂ ಒಂದು ಕಣ್ಣಿಡಬೇಕು. ಸೊನ್ನೆ ಇದ್ದರೆ ವಿಂಡೋಸ್‌ಗೆ ಏನೂ ಬರೆಯಲಾಗಿಲ್ಲ: ವಿದ್ಯುತ್ ಕಡಿದಿದೆ, ಇಲ್ಲ ಯಂತ್ರ ಹೆಪ್ಪುಗಟ್ಟಿದೆ, ಇಲ್ಲ ಬರೆಯಬೇಕಾದ ಎಸ್‌ಎಸ್‌ಡಿಯೇ ಆ ಕ್ಷಣ ಸಂಪರ್ಕ ಕಳೆದುಕೊಂಡಿದೆ.

ಪ್ರತಿ ಕ್ರ್ಯಾಶ್‌ಗೂ ಒಂದು ಸಾಲು ಬರೆದಿಡಿ. ದಿನ, ಗಂಟೆ, ಅಂಕಿ, ಆಗ ಏನು ನಡೆಯುತ್ತಿತ್ತು, ಚಾರ್ಜರ್ ಇತ್ತೋ ಇಲ್ಲವೋ. ಐದಾರು ಸಾಲು ಸೇರುವಷ್ಟರಲ್ಲಿ ಚಿತ್ರ ಮೂಡುತ್ತದೆ. ಪ್ರತಿ ಸಲವೂ ಒಂದೇ ಅಂಕಿ, ಒಂದೇ ಡ್ರೈವರ್ ಹೆಸರು ಬಂದರೆ ಹೆಚ್ಚಾಗಿ ಸಾಫ್ಟ್‌ವೇರ್. ಒಮ್ಮೆ 26, ಒಮ್ಮೆ 10, ಒಮ್ಮೆ 239, ಹೀಗೆ ತಾಳಮೇಳವಿಲ್ಲದೆ ಬಂದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಇದು ನೂರಕ್ಕೆ ನೂರು ನಿಯಮವಲ್ಲ, ಆದರೆ ರಿಪೇರಿ ಬೆಂಚಿನ ಮೇಲೆ ಇದರಷ್ಟು ಉಪಯೋಗಕ್ಕೆ ಬರುವ ಲೆಕ್ಕಾಚಾರ ಇನ್ನೊಂದಿಲ್ಲ.

ಇನ್ನೂ ಆಳಕ್ಕೆ ಹೋಗುವ ಮನಸ್ಸಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ‘ವಿನ್‌ಡಿಬಿಜಿ’ ಉಚಿತವಾಗಿ ಸಿಗುತ್ತದೆ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ‘ಮಿನಿಡಂಪ್’ನಲ್ಲಿರುವ ಫೈಲುಗಳನ್ನು ಅದು ಓದಿ ಹೇಳುತ್ತದೆ. ಎಚ್ಚರಿಕೆ ಒಂದೇ: ಅದು ವಿಂಡೋಸ್‌ನದೇ ಕರ್ನಲ್ (ವ್ಯವಸ್ಥೆಯ ತಿರುಳು) ಫೈಲಿನ ಹೆಸರು ತೋರಿಸಿದರೆ ಆ ಫೈಲ್ ಕೆಟ್ಟಿದೆ ಎಂದಲ್ಲ. ಬಿದ್ದದ್ದು ಅಲ್ಲಿ, ದೂಡಿದವರು ಬೇರೆ.

ಪರೀಕ್ಷೆಗೆ ಮೊದಲು ಎರಡು ಸಿದ್ಧತೆ ತಪ್ಪಿಸಬೇಡಿ. ಕ್ಲೈಂಟ್‌ಗಳ ಫೂಟೇಜ್ ಹೊರಗಿನ ಡ್ರೈವ್‌ಗೆ ನಕಲಾಗಲಿ. ಜೊತೆಗೆ ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್‌ನ ರಿಕವರಿ ಕೀ ಕೈಯಲ್ಲಿರಲಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವುದು ಮಾಮೂಲು. ಬಯಾಸ್ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡಿದರೆ, ಮದರ್‌ಬೋರ್ಡ್ ಬದಲಿಸಿದರೆ ಅದು 48 ಅಂಕಿಗಳ ಕೀ ಕೇಳುತ್ತದೆ. ಇಲ್ಲದಿದ್ದರೆ ಒಳಗಿನ ಡೇಟಾ ದೇವರಿಗೇ ಪ್ರೀತಿ. ಬೇರೆ ಫೋನ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ತೆರೆದು, ನಿಮ್ಮ ಡಿವೈಸ್ ಕೆಳಗಿನ ಕೀ ಕಾಗದದಲ್ಲಿ ಬರೆದುಕೊಳ್ಳಿ.

ಈಗ ರ‍್ಯಾಮ್. ನಿಮ್ಮ ಪ್ರಕರಣದಲ್ಲಿ ಇಲ್ಲಿಂದಲೇ ಶುರು ಮಾಡಬೇಕು.

ಬೇರೆ ಬೇರೆ ಕಂಪನಿಯ ಎರಡು ರ‍್ಯಾಮ್ ಜೊತೆಯಾಗಿ ಓಡಬಾರದೆಂದಿಲ್ಲ, ಬಹುಪಾಲು ಓಡುತ್ತವೆ. ವೇಗ ಬೇರೆಯಾದರೆ ಎರಡೂ ಕಡಿಮೆ ವೇಗಕ್ಕೆ ಹೊಂದಿಕೊಳ್ಳುತ್ತವೆ. ಆದರೆ ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿರುವ ಡಿಡಿಆರ್5 ಎಂಬ ಹೊಸ ಬಗೆಯ ಮೆಮೊರಿ ಹಿಂದಿನ ತಲೆಮಾರಿಗಿಂತ ಸೂಕ್ಷ್ಮ. ಒಳಗಿನ ಟೈಮಿಂಗ್ ಒಂದಕ್ಕೊಂದು ಅಂಚಿನಲ್ಲಿ ಹೊಂದಿದ್ದರೆ ಸಂಜೆಯವರೆಗೆ ಸರಿಯಾಗಿದ್ದು ರಾತ್ರಿ ಒಂದು ಬಿಟ್ ತಪ್ಪುತ್ತದೆ. ಆ ಒಂದು ಬಿಟ್ ವಿಡಿಯೊ ಫ್ರೇಮ್‌ನಲ್ಲಿದ್ದರೆ ಹಸಿರು ಚುಕ್ಕೆಯಾಗಿ ಹೋದೀತು, ಕರ್ನಲ್‌ನಲ್ಲಿದ್ದರೆ ಕ್ರ್ಯಾಶ್. ನಿಮ್ಮಲ್ಲಿ ಎಕ್ಸ್‌ಪೋರ್ಟ್ ವೇಳೆಯೂ ಆಗುತ್ತದೆ, ಬ್ರೌಸರ್ ವೇಳೆಯೂ ಆಗುತ್ತದೆ ಎಂಬುದು ಈ ಅನುಮಾನಕ್ಕೆ ಒಪ್ಪುತ್ತದೆ.

ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೊಸ್ಟಿಕ್ ನಂಬಬೇಡಿ. ಅದು ದೋಷ ತೋರಿಸಿದರೆ ನಿಜ, ತೋರಿಸದಿದ್ದರೆ ಅರ್ಥವಿಲ್ಲ. ‘ಮೆಮ್‌ಟೆಸ್ಟ್86’ ಉಚಿತ ಆವೃತ್ತಿಯನ್ನು ಖಾಲಿ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ ನಾಲ್ಕೂ ಪಾಸ್ ಓಡಿಸಿ. ಪೆನ್‌ಡ್ರೈವ್‌ನಲ್ಲಿದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ. 32 ಜಿಬಿಗೆ ಹಲವು ಗಂಟೆ ಬೇಕು, ರಾತ್ರಿ ಹಾಕಿ ಮಲಗಿ. ಕೆಂಪು ಬಣ್ಣದ ಒಂದೇ ಒಂದು ದೋಷ ಬಂದರೂ ಸಾಕು, ‘ಒಂದೇ ತಾನೇ’ ಎಂಬ ರಿಯಾಯಿತಿ ಇಲ್ಲ.

ದೋಷ ಬರಲಿ, ಬರದಿರಲಿ, ಮುಂದಿನ ಹೆಜ್ಜೆ ಒಂದೇ: ಅಂಗಡಿಯ ರ‍್ಯಾಮ್ ತೆಗೆದು, ಕಂಪನಿಯ 16 ಜಿಬಿಯಲ್ಲಿ ಮಾತ್ರ ಒಂದು ವಾರ ಕೆಲಸ ಮಾಡಿ. 4ಕೆ ಎಡಿಟಿಂಗ್ ಎಳೆದಾಡುತ್ತದೆ, ಪ್ರಾಕ್ಸಿ (ಫೂಟೇಜ್‌ನ ಹಗುರ ನಕಲು) ಬಳಸಿ ಸಹಿಸಿಕೊಳ್ಳಿ. ನೀವೇ ತೆಗೆಯುವುದಾದರೆ ಶಟ್‌ಡೌನ್ ಮಾಡುವಾಗ ಕೀಬೋರ್ಡ್‌ನ ಶಿಫ್ಟ್ ಒತ್ತಿಹಿಡಿಯಿರಿ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಇದ್ದರೆ ಸಾಮಾನ್ಯ ಶಟ್‌ಡೌನ್ ಅರೆನಿದ್ದೆ ಮಾತ್ರ. ಚಾರ್ಜರ್ ಕಿತ್ತು, ಹಿಂಬದಿ ಮುಚ್ಚಳ ತೆಗೆದು, ಸಾಧ್ಯವಿದ್ದರೆ ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ 15-20 ಸೆಕೆಂಡ್ ಒತ್ತಿ, ಆಮೇಲೆ ರ‍್ಯಾಮ್ ಮುಟ್ಟಿ. ತುದಿಯ ಬಂಗಾರದ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ನಮ್ಮ ಅಂಗಡಿಗಳಲ್ಲಿ ಇನ್ನೂ ಇದೆ. ಬೇಡ, ಲೇಪನ ಸವೆಯುತ್ತದೆ, ಪುಡಿ ಸ್ಲಾಟ್‌ಗೆ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ನೂಲು ಬಿಡದ ಬಟ್ಟೆ ಸಾಕು. ಮತ್ತೆ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಡಿಡಿಆರ್5 ತನ್ನ ಹೊಸ ಜೋಡಣೆಯನ್ನು ಅಳೆದುಕೊಳ್ಳುವ ಸಮಯ ಅದು. ಗಾಬರಿಯಿಂದ ಪವರ್ ಬಟನ್ ಒತ್ತಬೇಡಿ.

ಒಂದು ವಾರ ತೊಂದರೆ ಇಲ್ಲದಿದ್ದರೆ ಕಥೆ ಬಹುತೇಕ ಮುಗಿಯಿತು. ಅಂಗಡಿಯ ರ‍್ಯಾಮ್ ಒಂದನ್ನೇ ಮೂಲ ಸ್ಲಾಟ್‌ನಲ್ಲಿ ಹಾಕಿ ನೋಡಿ. ಆಗ ಕ್ರ್ಯಾಶ್ ಆದರೆ ರ‍್ಯಾಮ್ ಕೆಟ್ಟದ್ದು, ಅಂಗಡಿಯವರಿಂದ ಬದಲಿಸಿಕೊಳ್ಳಿ. ಒಂಟಿಯಾಗಿ ಸರಿಯಿದ್ದು ಜೊತೆಯಲ್ಲಿ ಮಾತ್ರ ಕೆಟ್ಟರೆ ಹೊಂದಾಣಿಕೆಯ ಸಮಸ್ಯೆ ಇರಬೇಕು, ಎರಡನ್ನೂ ತೆಗೆದು ಒಂದೇ ಪೊಟ್ಟಣದಲ್ಲಿ ಬರುವ 32 ಜಿಬಿ ಜೋಡಿ ಹಾಕುವುದು ಶಾಶ್ವತ ಪರಿಹಾರ. ಯಾವ ರ‍್ಯಾಮ್ ಹಾಕಿದರೂ ಎರಡನೇ ಸ್ಲಾಟ್‌ನಲ್ಲೇ ಕೆಡುತ್ತದೆ ಎಂದಾದರೆ ಮಾತ್ರ ಬೋರ್ಡ್ ದೋಷ. ಮೂಲ ರ‍್ಯಾಮ್ ಎಸೆಯಬೇಡಿ. ಸರ್ವೀಸ್‌ಗೆ ಕೊಡುವಾಗ ಅದೊಂದನ್ನೇ ಹಾಕಿ ಕೊಡಬೇಕು, ಇಲ್ಲದಿದ್ದರೆ ‘ಹೊರಗಿನ ರ‍್ಯಾಮ್’ ಎಂಬ ಒಂದೇ ಮಾತಿನಲ್ಲಿ ಫೈಲ್ ಮುಚ್ಚುತ್ತಾರೆ.

ಕಂಪನಿಯ ರ‍್ಯಾಮ್‌ನಲ್ಲೂ ಕ್ರ್ಯಾಶ್ ಮುಂದುವರಿದರೆ ಬಯಾಸ್ ಮತ್ತು ಗ್ರಾಫಿಕ್ಸ್ ಡ್ರೈವರ್ ನೋಡಬೇಕು. ಬಯಾಸ್ ಅಪ್‌ಡೇಟ್ ತಯಾರಕರ ತಾಣದಿಂದಲೇ, ನಿಮ್ಮ ನಿಖರ ಮಾದರಿ ಸಂಖ್ಯೆಗೆ, ಚಾರ್ಜರ್ ಸಿಕ್ಕಿಸಿ, ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿದ್ದಾಗ. ನಡುವೆ ಆಫ್ ಆದರೆ ಬೋರ್ಡ್ ಏಳದೇ ಹೋಗಬಹುದು. ಕ್ರ್ಯಾಶ್ ಆಗುವ ಯಂತ್ರದಲ್ಲಿ ಈ ಅಪಾಯ ಹೆಚ್ಚು, ಅದಕ್ಕೇ ರ‍್ಯಾಮ್ ಪರೀಕ್ಷೆ ಮುಗಿದ ಮೇಲೆ ಇದನ್ನು ಹೇಳುತ್ತಿರುವುದು.

ಗ್ರಾಫಿಕ್ಸ್ ಚಿಪ್ ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ಎಬ್ಬಿಸಲು ನೋಡುತ್ತದೆ, ಆಗದಿದ್ದರೆ 278. ರಿಜಿಸ್ಟ್ರಿಯಲ್ಲಿ ಈ ಎರಡು ಸೆಕೆಂಡನ್ನು ಹತ್ತು ಮಾಡಿ ಎಂಬ ಸಲಹೆ ಎಡಿಟರ್‌ಗಳ ನಡುವೆ ಓಡಾಡುತ್ತದೆ. ಅದರಿಂದ ದೋಷ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಬದಲಿಗೆ ಇಂಟರ್‌ನೆಟ್ ಕಡಿದು, ಸೇಫ್ ಮೋಡ್‌ನಲ್ಲಿ ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಬಳಸಿ ಹಳೆಯದನ್ನು ಪೂರ್ತಿ ತೆಗೆಯಿರಿ. ಆಮೇಲೆ ಎನ್‌ವಿಡಿಯಾದ ಸ್ಟುಡಿಯೊ ಡ್ರೈವರ್ ಹಾಕಿ, ಗೇಮ್ ರೆಡಿ ಅಲ್ಲ. ಇಂಟೆಲ್ ಗ್ರಾಫಿಕ್ಸ್ ಡ್ರೈವರನ್ನೂ ಹೊಸದು ಮಾಡಿ, ಅದನ್ನು ಮರೆಯುವವರೇ ಹೆಚ್ಚು. ರಿಸಾಲ್ವ್ ಒಂದೇ ಮುಚ್ಚಿಕೊಂಡು ವಿಂಡೋಸ್ ನಡೆಯುತ್ತಿದ್ದರೆ ಅದು ಸಾಫ್ಟ್‌ವೇರ್ ಕ್ರ್ಯಾಶ್, ಇಲ್ಲಿ ಹೇಳುತ್ತಿರುವುದಕ್ಕೆ ಸಂಬಂಧವಿಲ್ಲ.

ಕರ್ನಲ್ ಮಟ್ಟದಲ್ಲಿ ಕೂರುವ ಒಂದು ಸಾಫ್ಟ್‌ವೇರ್ ಏನು ಮಾಡಬಲ್ಲದು ಎಂಬುದಕ್ಕೆ 2024ರ ಜುಲೈ 19 ಸಾಕ್ಷಿ. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಹಾರ್ಡ್‌ವೇರ್ ಎಲ್ಲವೂ ಸರಿಯಿತ್ತು. ಹಾಗಾಗಿ ಎರಡನೇ ಆ್ಯಂಟಿವೈರಸ್, ‘ಡ್ರೈವರ್ ಅಪ್‌ಡೇಟರ್’, ಫ್ಯಾನ್ ಮತ್ತು ಬಣ್ಣದ ದೀಪ ನಿಯಂತ್ರಿಸುವ ಹೊರಗಿನ ಆ್ಯಪ್, ಹಳೇ ಡಾಂಗಲ್‌ನ ಡ್ರೈವರ್ ಇವೆಲ್ಲ ಸ್ವಲ್ಪ ದಿನ ಹೊರಗಿರಲಿ. ಕ್ರ್ಯಾಕ್ ಮಾಡಿದ ಪ್ಲಗಿನ್ ಇದ್ದರೆ ಅದೂ. ನೀತಿಪಾಠಕ್ಕಲ್ಲ, ಅದರ ಜೊತೆ ಏನೇನು ಬಂದು ಕೂತಿದೆ ಎಂದು ಪತ್ತೆ ಮಾಡುವುದು ಕಷ್ಟ ಎಂಬ ಕಾರಣಕ್ಕೆ.

ಎಸ್‌ಎಸ್‌ಡಿಯ ಆರೋಗ್ಯ ನೋಡಲು ‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ ತಂತ್ರಾಂಶ ಸಾಕು. ಇವೆಂಟ್ ವ್ಯೂಯರ್‌ನಲ್ಲಿ 129 ಅಂಕಿಯ ‘ರೀಸೆಟ್ ಟು ಡಿವೈಸ್’ ಸಾಲುಗಳು ಕಂಡರೆ ಎಸ್‌ಎಸ್‌ಡಿಯ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಅಪ್‌ಡೇಟ್ ಹುಡುಕಿ.

ಆ ಎರಡು ಸಲ ಒಮ್ಮೆಲೇ ಆಫ್ ಆದದ್ದನ್ನು ಮಾತ್ರ ಬೇರೆಯಾಗಿ ನೋಡಬೇಕು. ಬ್ಯಾಟರಿ ಶೇ 80 ಇರುವಾಗ ಸಾಧಾರಣ ಕೆಲಸ ನಡೆಯುತ್ತಿದ್ದಂತೆ ಚಾರ್ಜರ್ ಕಿತ್ತು ನೋಡಿ. ಆ ಕ್ಷಣ ಆಫ್ ಆದರೆ ಬ್ಯಾಟರಿ ಇಲ್ಲವೇ ಬೋರ್ಡ್‌ನ ಚಾರ್ಜಿಂಗ್ ಭಾಗ ಕೆಟ್ಟಿದೆ. ಹಾಗಾದರೆ ಎಕ್ಸ್‌ಟೆನ್ಷನ್ ಬೋರ್ಡ್‌ನ ಸಡಿಲ ಪಿನ್ ಒಂದೇ ಸಾಕು ನಿಮ್ಮ ರಾತ್ರಿಯ ಎಕ್ಸ್‌ಪೋರ್ಟ್ ಕೆಡಿಸಲು. ಯಂತ್ರದ ಜೊತೆ ಬಂದ ದೊಡ್ಡ ಅಡಾಪ್ಟರ್ ಬಿಟ್ಟು 65 ವ್ಯಾಟ್‌ನ ಟೈಪ್-ಸಿ ಚಾರ್ಜರ್‌ನಲ್ಲಿ ಎಕ್ಸ್‌ಪೋರ್ಟ್ ಹಾಕುತ್ತಿದ್ದರೆ, ಸಾಲದ ವಿದ್ಯುತ್ತನ್ನು ಅದು ಬ್ಯಾಟರಿಯಿಂದ ಎಳೆದು ಕೊನೆಗೆ ನಿಲ್ಲುತ್ತದೆ. ಬಿಸಿಯ ಅನುಮಾನಕ್ಕೆ, ಉಷ್ಣಾಂಶ ಅಳೆದು ಬರೆದಿಡುವ ‘ಎಚ್‌ಡಬ್ಲ್ಯೂಇನ್ಫೊ’ದಲ್ಲಿ ಲಾಗಿಂಗ್ ಆನ್ ಮಾಡಿ ಎಕ್ಸ್‌ಪೋರ್ಟ್ ಹಾಕಿ. ಆಫ್ ಆದ ಮೇಲೆ ಆ ಫೈಲಿನ ಕೊನೆಯ ಸಾಲು ಓದಿ. ಕೊನೆಯ ಉಷ್ಣಾಂಶ 70 ಇದ್ದರೆ ಹೀಟ್ ವಾದವನ್ನು ಅಲ್ಲಿಗೇ ಬಿಡಿ.

ಇಷ್ಟಾದರೂ ನಿಲ್ಲದಿದ್ದರೆ ನಿರ್ಣಾಯಕ ಪರೀಕ್ಷೆ: ಪೆನ್‌ಡ್ರೈವ್‌ನಿಂದ ಉಬುಂಟು (ವಿಂಡೋಸ್ ಬದಲು ಬಳಸುವ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ) ಲೈವ್ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಕೆಲವು ಗಂಟೆ ಬಳಸಿ. ಅಲ್ಲೂ ರೀಸ್ಟಾರ್ಟ್ ಆದರೆ ವಿಂಡೋಸ್ ಮೇಲಿನ ಆರೋಪ ಬಿದ್ದುಹೋಯಿತು, ಮೂರನೇ ಸಲ ವಿಂಡೋಸ್ ಹಾಕುತ್ತೇವೆ ಎಂದವರಿಗೆ ಇದರ ವಿಡಿಯೊ ತೋರಿಸಿ. ಅಲ್ಲಿ ಆಗಲಿಲ್ಲ ಎಂದಮಾತ್ರಕ್ಕೆ ಹಾರ್ಡ್‌ವೇರ್ ಶುದ್ಧ ಎನ್ನುವಂತಿಲ್ಲ.

ಮಾಡಬಾರದವು ಕೆಲವಿವೆ. ‘ಡ್ರೈವರ್ ವೆರಿಫೈಯರ್’ ಪ್ರಯೋಗ ಬೇಡ, ಅದು ಬೇಕೆಂದೇ ಕ್ರ್ಯಾಶ್ ಮಾಡಿಸುವ ಸಾಧನ, ಬೂಟ್ ಆಗದೆ ಸುತ್ತುತ್ತಲೇ ಉಳಿದೀತು. ಬಯಾಸ್‌ನಲ್ಲಿ ಎಸ್‌ಎಸ್‌ಡಿ ನಿಯಂತ್ರಣಕ್ಕೆ ಸಂಬಂಧಿಸಿದ ‘ವಿಎಂಡಿ’ ಎಂಬುದನ್ನು ಆಫ್ ಮಾಡಬೇಡಿ, ಇರುವ ವಿಂಡೋಸ್ ಬೂಟ್ ಆಗುವುದಿಲ್ಲ. ಥರ್ಮಲ್ ಪೇಸ್ಟ್ ಬದಲಿಸಲು ಹೀಟ್‌ಸಿಂಕ್ ಬಿಚ್ಚುವುದಂತೂ ಬೇಡವೇ ಬೇಡ. ಕೆಲವು ಗೇಮಿಂಗ್ ಮಾದರಿಗಳಲ್ಲಿ ಪೇಸ್ಟ್ ಜಾಗದಲ್ಲಿ ದ್ರವಲೋಹ ಇರುತ್ತದೆ, ಒಂದು ಹನಿ ಬೋರ್ಡ್ ಮೇಲೆ ಜಾರಿದರೆ ಶಾರ್ಟ್. ವಾರಂಟಿಯೂ ಹೋಯಿತು.

ಸರ್ವೀಸ್ ಸೆಂಟರ್‌ನಲ್ಲಿ ‘ಪ್ರಾಬ್ಲಂ ಇಲ್ಲ’ ಎಂದು ಬರುವುದಕ್ಕೆ ಸೋಮಾರಿತನವೇ ಕಾರಣ ಎನ್ನಲಾರೆ. ಎಸಿ ಕೋಣೆಯಲ್ಲಿ ಸ್ವಲ್ಪ ಹೊತ್ತು ಆನ್ ಮಾಡಿಟ್ಟು, ತಯಾರಕರ ಡಯಾಗ್ನೊಸ್ಟಿಕ್ ಓಡಿಸಿ ‘ಪಾಸ್’ ಬಂದರೆ ಅವರ ಕೆಲಸ ಮುಗಿದಂತೆ. ಮೂರು ದಿನಕ್ಕೊಮ್ಮೆ ಬರುವ ದೋಷ ಅಲ್ಲಿ ಸಿಗುವುದೇ ಇಲ್ಲ. ಅದಕ್ಕೇ ದೋಷ ಮರುಕಳಿಸುವ ದಾರಿ ನೀವೇ ಕೊಡಬೇಕು: ‘ಈ ಪ್ರಾಜೆಕ್ಟ್ ಎಕ್ಸ್‌ಪೋರ್ಟ್ ಹಾಕಿದರೆ ಒಂದು ಗಂಟೆಯೊಳಗೆ 292’ ಎಂಬಂತೆ. ಜೊತೆಗೆ ಫೋಟೊ, ನಿಮ್ಮ ಪಟ್ಟಿ, ಮೆಮ್‌ಟೆಸ್ಟ್ ಫಲಿತಾಂಶ. ಎಲ್ಲವನ್ನೂ ಇಮೇಲ್‌ನಲ್ಲಿ ಕಳಿಸಿ, ಫೋನ್ ಮಾತಿಗೆ ದಾಖಲೆ ಇಲ್ಲ. ಪ್ರತಿ ಭೇಟಿಗೂ ಜಾಬ್ ಶೀಟ್ ಕೇಳಿ ಪಡೆಯಿರಿ. ಅದರಲ್ಲಿ ‘ಸ್ಲೋ’ ಎಂದು ಬರೆದಿದ್ದರೆ ಸಹಿ ಹಾಕಬೇಡಿ, ‘ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ’ ಎಂದು ತಿದ್ದಿಸಿ. ಹಿಂದಿನ ಎರಡು ಭೇಟಿಯ ಶೀಟ್ ಕೈಯಲ್ಲಿಲ್ಲದಿದ್ದರೆ ಈಗಲೇ ಪ್ರತಿ ಕೇಳಿ.

ಆಮೇಲೆ ನಿಮ್ಮ ಮುಂದಿರುವ ದಾರಿಗಳು. ಮದರ್‌ಬೋರ್ಡ್ ಬದಲಾವಣೆ ಮೊದಲಿಗೆ ಸಿಗುವಂಥದ್ದು. ಈ ಯಂತ್ರದಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಬೋರ್ಡ್‌ಗೆ ಬೆಸೆದಿರುವುದರಿಂದ ಬೋರ್ಡ್ ಬದಲಾದರೆ ಯಂತ್ರದ ಮುಕ್ಕಾಲು ಪಾಲು ಬದಲಾದಂತೆ. ಹಾಕುವ ಬೋರ್ಡ್ ಹೊಸದಲ್ಲದೆ ದುರಸ್ತಿಯಾದದ್ದೂ ಇರಬಹುದು, ವಾರಂಟಿ ಷರತ್ತುಗಳಲ್ಲಿ ಅದಕ್ಕೆ ಅವಕಾಶ ಇಟ್ಟಿರುತ್ತಾರೆ. ಇಡೀ ಲ್ಯಾಪ್‌ಟಾಪ್ ಬದಲಿಸುವ ಸುಲಭ ಅವಕಾಶ ಕೊಂಡ ಮೊದಲ ಕೆಲವೇ ದಿನಗಳಲ್ಲಿ ಮುಗಿದುಹೋಗಿದೆ. ಈಗ ಒಂದೇ ದೋಷಕ್ಕೆ ಮತ್ತೆ ಮತ್ತೆ ರಿಪೇರಿಯಾಗಿ ವಿಫಲವಾಗಿದೆ ಎಂದು ಕಾಗದದಲ್ಲಿ ತೋರಿಸಿದರೆ ಮಾತ್ರ ಮಾತುಕತೆ ಸಾಧ್ಯ. ಪ್ರೊಸೆಸರ್‌ನ ಟರ್ಬೊ ವೇಗ ಇಳಿಸಿ ಸೈಲೆಂಟ್ ಮೋಡ್‌ನಲ್ಲಿ ಓಡಿಸಿದರೆ ಕ್ರ್ಯಾಶ್ ನಿಲ್ಲಬಹುದು, ಸೀಸನ್ ಕೆಲಸ ಮುಗಿಸಲು ಅಷ್ಟರಮಟ್ಟಿಗೆ ಸರಿ. ಆದರೆ ಅದನ್ನೇ ಪರಿಹಾರ ಎಂದುಕೊಂಡು ವಾರಂಟಿ ಮುಗಿಯಗೊಡಬೇಡಿ. ಮಾರುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ದೋಷ ಹೇಳಿ ಮಾರಿದರೆ ಅರ್ಧ ಬೆಲೆಯೂ ಕಷ್ಟ, ಹೇಳದೆ ಮಾರಿದರೆ ನಿಮ್ಮ ತಲೆನೋವು ಇನ್ನೊಬ್ಬರಿಗೆ.

ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಮಾರಿದವರ ಊರಿಗೆ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ‘ಇ-ಜಾಗೃತಿ’ ತಾಣದಲ್ಲಿ ಆನ್‌ಲೈನ್ ಸಲ್ಲಿಸಬಹುದು, ಎರಡು ವರ್ಷದ ಕಾಲಮಿತಿ ಇದೆ. ದೋಷ ಇದೆಯೋ ಇಲ್ಲವೋ ಎಂಬುದೇ ವಿವಾದವಾದರೆ ಆಯೋಗ ಯಂತ್ರವನ್ನು ಪ್ರಯೋಗಾಲಯಕ್ಕೆ ಕಳಿಸಬಲ್ಲದು. ನಿಮ್ಮ ವಿಷಯದಲ್ಲಿ ಒಂದು ತಕರಾರು ಏಳಬಹುದು: ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಎಂದು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆಂದೇ ಕೊಂಡವರನ್ನು ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ದೂರಿನಲ್ಲಿ ಈ ಮಾತು ಸ್ಪಷ್ಟವಾಗಿರಲಿ. ಬಿಲ್ ಸ್ಟುಡಿಯೊ ಹೆಸರಿನಲ್ಲಿದ್ದು ಜಿಎಸ್‌ಟಿ ಕ್ರೆಡಿಟ್ ಪಡೆದಿದ್ದರೆ ಮೊದಲೇ ಒಬ್ಬ ವಕೀಲರನ್ನು ಕೇಳಿ. ಇದೆಲ್ಲ ತಿಂಗಳುಗಟ್ಟಲೆ ಎಳೆಯುವ ಹಾದಿ, ಹಾಗಾಗಿ ಕೊನೆಯದು.

ಬೋರ್ಡ್ ಬದಲಿಸಿಕೊಟ್ಟರೆ ಕೌಂಟರ್ ಬಿಟ್ಟು ಹೊರಡುವ ಮೊದಲೇ ಆನ್ ಮಾಡಿಸಿ. ರಿಕವರಿ ಕೀ ಜೇಬಿನಲ್ಲಿರಲಿ. ಬಯಾಸ್‌ನಲ್ಲಿ ಕಾಣುವ ಸೀರಿಯಲ್ ನಂಬರ್ ಲ್ಯಾಪ್‌ಟಾಪ್ ಹಿಂಬದಿಯದಕ್ಕೆ ಹೊಂದಬೇಕು, ತಂತ್ರಜ್ಞರು ಅದನ್ನು ಹೊಸ ಬೋರ್ಡ್‌ಗೆ ಬರೆಯಲು ಮರೆಯುವುದುಂಟು, ಮರೆತರೆ ಮುಂದಿನ ಸಲ ವಾರಂಟಿ ದಾಖಲೆಯಲ್ಲಿ ನಿಮ್ಮ ಯಂತ್ರವೇ ಸಿಗುವುದಿಲ್ಲ. ವಿಂಡೋಸ್ ಲೈಸೆನ್ಸ್ ಕೂಡ ಹಳೆಯ ಬೋರ್ಡ್‌ನಲ್ಲೇ ಅಡಗಿತ್ತು, ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಟಿವೇಟೆಡ್’ ಎಂದು ಬಂದಿದೆಯೇ ನೋಡಿ. ಯಾವ ಭಾಗ ಬದಲಾಯಿತು ಎಂದು ಜಾಬ್ ಶೀಟ್‌ನಲ್ಲಿ ಬರೆಸಿಕೊಳ್ಳಿ. ಆ ಮೇಲೂ ಒಂದು ವಾರ ಕಂಪನಿಯ 16 ಜಿಬಿಯಲ್ಲೇ ಓಡಿಸಿ, ಅಂಗಡಿಯ ರ‍್ಯಾಮ್‌ಗೆ ಅವಸರ ಬೇಡ.